ಮಾವ ಸೆಮಿನರಿ ನೋಡಲು ಹೋದದ್ದು

ನಮ್ಮ ಸೋದರಮಾವನಿಗೆ ತಲೆ ಕೆಟ್ಟಿದೆ ಎಂದು ಯಾರಾದರೂ ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಕೆಡಬೇಕಾದರೆ ಅದು ಮೊದಲು ಒಂದು ದಿನವಾದರೂ ನೆಟ್ಟಗಿರಬೇಕಲ್ಲ! ಹುಟ್ಟಿದಾಗಿನಿಂದ ಹೇಗಿತ್ತೋ ಹಾಗೇ ಇರುವ ತಲೆಯ ಮೇಲೆ ಸುಳ್ಳು ಅಪವಾದ ಹೊರಿಸುವುದು ಯಾವ ನ್ಯಾಯ?

ಮಾವನಿಗೆ ತಿಳವಳ್ಳಿಯಲ್ಲಿ ಬೀಜ-ಗೊಬ್ಬರದ ಅಂಗಡಿಯಿದೆ. ಅದು ಹೊಟ್ಟೆಪಾಡಿಗೆ. ಅವನ ನಿಜವಾದ ಉದ್ಯೋಗ ಕನ್ಯಾ ನೋಡುವುದು. ಗಾಬರಿಯಾಗಬೇಡಿ, ತನಗಲ್ಲ, ಊರವರಿಗೆ! ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ನಾಲ್ಕೂ ತಾಲೂಕುಗಳಲ್ಲಿ ಯಾರ ಮನೆಯ ಹುಡುಗನಿಗೆ ಹೆಣ್ಣು ನೋಡಬೇಕಾದರೂ, ಅವರು ಯಾವ ಜಾತಿ-ಮತದವರೇ ಆಗಿರಲಿ, ಹಿರಿಯನಾಗಿ ನಮ್ಮ ಮಾವನೇ ಮುಂದೆ ಕೂರಬೇಕು. ಈ ಚಟ ಎಲ್ಲಿಗೆ ಮುಟ್ಟಿದೆಯೆಂದರೆ, ಮನೆಗೆ ಫ್ರಿಜ್ಜು ತರುವಾಗಲೂ ನಾಲ್ಕು ಜನ ಹಿರಿಯರನ್ನು ಕಟ್ಟಿಕೊಂಡು ಹೋಗಿದ್ದ. ಅಂಗಡಿಯವನ ಚಹಾ ಕುಡಿದ, ಫ್ರಿಜ್ಜಿನ ಮನೆತನ ವಿಚಾರಿಸಿದ, ಕೊನೆಗೆ ಎದ್ದು ಕೈಮುಗಿದು, "ಊರಿಗೆ ಹೋಗಿ ತಿಳಸ್ತೇವ್ರಿ" ಎಂದು ಬಂದುಬಿಟ್ಟ.

ಇಂಥ ಮನುಷ್ಯ ಒಂದು ಭಾನುವಾರ, ಚರ್ಚಿನ ಪ್ರಾರ್ಥನೆ ಮುಗಿಸಿ ಎಲ್ಲರೂ ಊಟಕ್ಕೆ ಕುಳಿತಾಗ, ರೊಟ್ಟಿ ಮುರಿಯುತ್ತ ತಣ್ಣಗೆ ಹೇಳಿದ: "ನಾ ಸೆಮಿನರಿ ಸೇರಾಕತ್ತೇನಿ. ಓದಿ ಪಾಸ್ಟರ್ ಆಗ್ತೇನಿ."

ನಮ್ಮವ್ವನಿಗೆ ನೆತ್ತಿಗೇರಿ ಕೆಮ್ಮು ಬಂತು. ಐವತ್ತು ದಾಟಿದ ತಮ್ಮ! ಶಾಲೆಯಲ್ಲಿದ್ದಾಗ ಮಾಸ್ತರರನ್ನು ಕಂಡರೆ ಬಣವೆಯ ಹಿಂದೆ ಅಡಗುತ್ತಿದ್ದವನು!

"ಏ ಹುಚ್ಚಪ್ಪಾ, ನಿನ್ನ ವಾರಿಗಿಯವ್ರು ಮೊಮ್ಮಕ್ಕಳನ್ನ ಸಾಲಿಗೆ ಬಿಟ್ಟು ಬರಾಕತ್ತಾರ. ನೀ ಸಾಲಿಗೆ ಹೊಂಟಿ?" ಎಂದಳು ಅವ್ವ.

"ಛಲೋನ ಆತಲ್ಲಕ್ಕಾ, ಮೊಮ್ಮಕ್ಕಳ ಜೋಡಿ ಒಂದ ಬಸ್ಸಿಗೆ ಹೋಗ್ತೇನಿ ತಗೋ."

ಅತ್ತೆ ಮಾತ್ರ ತುಟಿ ಎರಡು ಮಾಡಲಿಲ್ಲ. ಸಾರು ಬಡಿಸಿ ಒಳಗೆ ಹೋದಳು. ಬೇಡವೆನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ಅಲ್ಲೇ ಇತ್ತು ನೋಡಿ ತೊಡಕು! ಮದುವೆಯಾದವರು ಸೆಮಿನರಿ ಸೇರಬೇಕಾದರೆ ಹೆಂಡತಿ ಅಲ್ಲಿಯವರ ಎದುರಿಗೆ ಕೂತು ತನ್ನ ಬಾಯಿಂದಲೇ ಒಪ್ಪಿಗೆ ಹೇಳಬೇಕು ಎಂದು ನಮ್ಮ ಪಾಸ್ಟರ್ ಹೇಳಿದ್ದರು. ಅತ್ತೆ ಬಾಯಿ ಬಿಡದಿದ್ದರೆ ಮಾವನ ಕನಸು ಗೊಬ್ಬರದ ಅಂಗಡಿಯಲ್ಲೇ ಕೊಳೆಯಬೇಕು.

ಆದರೆ ಮಾವ ಅತ್ತೆಯ ಸುದ್ದಿಗೇ ಹೋಗಲಿಲ್ಲ. ಹಾಸ್ಟೆಲಿನಲ್ಲಿದ್ದು ಓದುವುದೋ, ಮನೆಯಲ್ಲೇ ಮೊಬೈಲಿನಲ್ಲಿ ಓದುವುದೋ ಎಂದು ಊರೆಲ್ಲ ಕೇಳುತ್ತ ತಿರುಗಿದ. ಕಡೆಗೆ ಮೊಬೈಲನ್ನೇ ಮೊದಲು ಪರೀಕ್ಷೆ ಮಾಡಿದ. ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಅದನ್ನು ಒರಗಿಸಿಟ್ಟು, ಇಸ್ತ್ರಿ ಅಂಗಿ ತೊಟ್ಟು, ಕೂದಲು ಬಾಚಿ ಕೂತ. ಆ ಕಡೆ ಸೆಮಿನರಿಯ ಗುರುಗಳು ಗಂಭೀರವಾಗಿ ನಿತ್ಯಜೀವದ ಪಾಠ ಆರಂಭಿಸಿದ್ದಾರೆ. "ದೇವರನ್ನು ನಂಬಿದವರಿಗೆ ಸಾವಿದೆಯೇ?" ಎಂದು ಕೇಳಿದ್ದಾರೆ. ಅದೇ ಹೊತ್ತಿಗೆ ರೈತನೊಬ್ಬ ಔಷಧದ ಡಬ್ಬಿ ಹಿಡಿದು, "ಇದನ್ನ ಹೊಡದ್ರ ಗೋವಿನಜೋಳದ ಹುಳಾ ಸಾಯ್ತಾವ್ರಿ?" ಎನ್ನಬೇಕೇ!

"ಖಾತ್ರಿ ಸಾಯ್ತಾವು! ಒಂದೂ ಉಳ್ಯಾಂಗಿಲ್ಲ, ನಾ ಜವಾಬ್ದಾರಿ!" ಎಂದು ಮಾವ ಗುಡುಗಿದ. ಮೊಬೈಲಿನ ಮೈಕು ತೆರೆದೇ ಇತ್ತು. ಗುರುಗಳು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರಂತೆ. ಮೊಬೈಲ್ ವಿದ್ಯೆ ಅಂದಿಗೇ ಮುಗಿಯಿತು.

ಉಳಿದದ್ದು ಹಾಸ್ಟೆಲು. ಸರಿ, ಸೆಮಿನರಿಯನ್ನು ನೋಡಿ ಬರಬೇಕು. ಹೇಗೆ ನೋಡುವುದು? ಮಾವನಿಗೆ ನೋಡುವ ರೀತಿ ಗೊತ್ತಿದ್ದದ್ದು ಒಂದೇ! ಹುಲಗೂರಿನ ಅವನ ಗೆಳೆಯನ ಜೀಪು ಬಂತು. ಪಕ್ಕದ ಮನೆಯ ಗೌಡರು ರುಮಾಲು ಸುತ್ತಿ ಹತ್ತಿದರು. ಶಿಗ್ಗಾವಿಯ ನನ್ನ ಮನೆಗೂ ಫೋನು: "ಯವ್ವಾ, ನೀನೂ ಬಾ. ಹೆಣ್ಣುಮಕ್ಕಳು ಒಬ್ರರ ಅಡಿಗಿಮನಿ ಹೊಕ್ಕು ನೋಡಬೇಕಲ್ಲ?"

ಪ್ರಾಂಶುಪಾಲರು ದಕ್ಷಿಣ ಕನ್ನಡದ ಕಡೆಯವರು, ಬಹಳ ಸೌಮ್ಯರು. ಒಬ್ಬ ವಿದ್ಯಾರ್ಥಿ ಬರುತ್ತಾನೆಂದು ಕಾದಿದ್ದವರ ಕೋಣೆಗೆ ದಿಬ್ಬಣದಂತೆ ನುಗ್ಗಿದೆವು. ಗೌಡರು ಗೋಡೆಗೆ ಒರಗಿ ಕೂತು, "ನಿಮ್ಮ ಮನೆತನದ್ದು ಮೂಲ ಯಾವ ಊರ್ರಿ?" ಎಂದು ಶುರುಮಾಡಿದರು. ಜೀಪಿನ ಗೆಳೆಯ ಬಾವಿಯ ನೀರು ಸೇದಿ ಕುಡಿದು, "ಸಿಹಿ ಅದ" ಎಂದು ಬಾಗಿಲಲ್ಲೇ ವರದಿ ಕೊಟ್ಟ. ಮಾವ ಗ್ರಂಥಾಲಯದ ಕಡೆ ತಿರುಗಿಯೂ ನೋಡಲಿಲ್ಲ. "ಮಜ್ಜಿಗಿ ದಿನಾ ಇರ್ತದೇನ್ರಿ?" ಎಂದ. ಆಮೇಲೆ ಪ್ರಾಂಶುಪಾಲರನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಒಂದ ಹಾಡ ಹೇಳ್ರೆಲಾ" ಎಂದುಬಿಟ್ಟ!

ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೆ ಆ ಪುಣ್ಯಾತ್ಮರು ಕಕ್ಕಾಬಿಕ್ಕಿಯಾಗಿ ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಒಂದು ಕೀರ್ತನೆಯನ್ನು ಪೂರ್ತಿ ಹಾಡಿದರು! "ದನಿ ಛಲೋ ಅದ" ಎಂದು ಗೌಡರು ತಲೆದೂಗಿದರು. "ಹಾಗಾದರೆ ಸೇರುತ್ತೀರಾ?" ಎಂದು ಪ್ರಾಂಶುಪಾಲರು ಕೇಳಿದರೆ ಮಾವ ಕೈಮುಗಿದ.

"ಊರಿಗೆ ಹೋಗಿ ತಿಳಸ್ತೇವ್ರಿ. ಅದಕ್ಕೂ ಮೊದಲ ನೀವು ನಮ್ಮ ಮನಿ ನೋಡಾಕ ಬರಬೇಕು. ಪದ್ಧತಿ ಬಿಡಬಾರದು."

ನಂಬುತ್ತೀರೋ ಇಲ್ಲವೋ, ಅವರು ಬಂದರು! ಅತ್ತೆ ಎಣ್ಣೆಗಾಯಿ, ರೊಟ್ಟಿ, ಶೇಂಗಾ ಚಟ್ನಿ ಎಲ್ಲ ಮಾಡಿ ಬಡಿಸಿದಳು, ಆದರೆ ಮೋರೆ ಎಂದಿನಂತೆ ಬಿಗಿ. ಊಟ ಮುಗಿಸಿ ಪ್ರಾಂಶುಪಾಲರು ಮೆಲ್ಲಗೆ ಕೇಳಿದರು: "ಈ ವಯಸ್ಸಿನಲ್ಲಿ ನಿಮಗೆ ಇದು ಯಾಕೆ ಬೇಕು ಅನ್ನಿಸಿತು?"

ಮಾವ ಈಗ ಏನು ಹೇಳಿ ಮಾನ ಕಳೆಯುತ್ತಾನೋ ಎಂದುಕೊಂಡೆ. ಅವನು ತಲೆ ತಗ್ಗಿಸಿದ. ಅತ್ತೆಯ ಕಡೆ ಕೈ ಮಾಡಿ ಹೇಳತೊಡಗಿದ.

"ಇಕಿ ಅವ್ವ ನಮ್ಮ ಜೋಡಿನ ಇದ್ಲ್ರಿ. ಹ್ವಾದ ಮಳಿಗಾಲದಾಗ ತೀರಿಕೊಂಡ್ಲು. ನಾಲ್ಕೂ ತಾಲೂಕಿಗೆ ನಮಗ ಒಬ್ರ ಪಾಸ್ಟರ್. ಅವ್ರು ಹಿರೇಕೆರೂರ ಕಡೆ ಇದ್ರು, ಹಳ್ಳಾ ತುಂಬಿ ಮಣ್ಣಿಗೆ ಬರಾಕ ಆಗಲಿಲ್ಲ. ಹೊತ್ತು ಮುಳಗಾಕ ಬಂತು. ಇಕಿ ನನ್ನ ತೋಳ ಹಿಡಕೊಂಡು, 'ಅವ್ವ ಹೊಂಟಾಳ, ನೀವರ ಪ್ರಾರ್ಥನಿ ಮಾಡಿ ನಾಕ ಮಾತ ಹೇಳ್ರಿ' ಅಂದ್ಲು. ಬಾಯಿ ತಗದ್ನಿ. ಒಂದ ಅಕ್ಷರ ಬರಲಿಲ್ರಿ. ಎಷ್ಟ ಮಂದಿ ಲಗ್ನಾ ಮಾತಾಡಿ ಮುಗಿಸಿದ ಬಾಯಿ ಇದು! ಇಕಿ ಅವ್ವನ್ನ ಹಂಗ ಸುಮ್ಮನ ಮಣ್ಣ ಮಾಡಿ ಬಂದ್ವಿ."

ಆ ದಿನ ನಾನೂ ಅಲ್ಲೇ ನಿಂತಿದ್ದೆ. ಆಮೇಲೆ ಮನೆಯಲ್ಲಿ ಯಾರೂ ಆ ಮಾತೆತ್ತಿರಲಿಲ್ಲ. ಮಾವ ಮರುವಾರವೇ ಯಾರದೋ ಕನ್ಯಾ ನೋಡಲು ಸವಣೂರಿಗೆ ಹೋಗಿ ನಗುತ್ತ ಬಂದಿದ್ದ. ಈ ಮನುಷ್ಯ ಒಳಗೆ ಇದನ್ನು ಹೊತ್ತುಕೊಂಡು ತಿರುಗುತ್ತಿದ್ದಾನೆಂದು ಯಾರಿಗೆ ಗೊತ್ತಿತ್ತು?

ಪ್ರಾಂಶುಪಾಲರು ಅತ್ತೆಯ ಕಡೆ ತಿರುಗಿದರು. "ತಾಯಿ, ನಿಮ್ಮ ಒಪ್ಪಿಗೆ ಇದೆಯೇ?"

"ನನ್ನ ಯಾರು ಕೇಳ್ಯಾರ್ರಿ?" ಅತ್ತೆ ಅಡಿಗೆಮನೆಯ ಬಾಗಿಲು ಹಿಡಿದು ನಿಂತಿದ್ದಳು. "ಸೀಮಿಗೆಲ್ಲಾ ಕೇಳಿ ಬಂದ್ರು. ಗೌಡ್ರನ್ನ ಕೇಳಿದ್ರು, ಜೀಪಿನವರನ್ನ ಕೇಳಿದ್ರು. ಮನ್ಯಾಗಿನ ಹೆಂಡ್ತಿನ್ನ ಒಂದ ಮಾತ ಕೇಳಲಿಲ್ಲ."

"ಕೇಳಾಕ ನನಗ ಮಾರಿ ಇತ್ತೇನ?" ಎಂದ ಮಾವ. ಅವನ ಕಣ್ಣು ತುಂಬಿದ್ದನ್ನು ನಾನು ಹುಟ್ಟಿದ ಮೇಲೆ ನೋಡಿರಲಿಲ್ಲ. "ಈಗ ಕೇಳ್ತೇನಿ. ಹೋಗ್ಲೇನು?"

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಹೋಗಿ ಕಲತ ಬರ್ರಿ. ಮುಂದ ಯಾರದರ ಅವ್ವ ಹೋದಾಗ ನಿಂತು ನಾಕ ಮಾತ ಹೇಳ್ರಿ. ಹೇಳೂ ಮುಂದ, ಅದರಾಗ ನಮ್ಮವ್ವಂದೂ ಹೇಳ್ರಿ."