ಪಿಸುಮಾತಿನ ಫುರಾಂಚೊ

ನಮ್ಮ ಮನೆಯಲ್ಲಿ ಮಾತಿಗೆ ಬರಗಾಲ. ಗಂಡ ಬ್ರಾಯ್ಸ್ ಐರ್ಲೆಂಡಿನ ಆಚೆ ಎಲ್ಲೋ ಮೀನು ಹಿಡಿಯುವ ಹಡಗಿನಲ್ಲಿದ್ದಾನೆ. ಫೋನು ಮಾಡಿದರೆ ಅರ್ಧ ಮಾತು ಗಾಳಿಯ ಪಾಲು. ಅತ್ತೆ ದೊರಿಂಡಾ ಮಾತಾಡುತ್ತಾರೆ, ಇಲ್ಲವೆನ್ನಲಾರೆ. ಆದರೆ ಕೋಳಿಗಳ ಜೊತೆ. ಮಗಳು ಸಬೆಲಾಗೆ ಇನ್ನೂ ಹಲ್ಲೇ ಬಂದಿಲ್ಲ, ಮಾತೆಲ್ಲಿಂದ ಬರಬೇಕು? ಸ್ಪೇನಿನ ವೀಗೋ ನಗರದಲ್ಲಿ, ಲಿಫ್ಟಿನೊಳಗೂ ಹರಟೆ ಹೊಡೆಯುವವರ ನಡುವೆ ಬೆಳೆದ ನಾನು ಈ ದ್ರಾಕ್ಷಿ ಚಪ್ಪರಗಳ ಹಳ್ಳಿಗೆ ಸೊಸೆಯಾಗಿ ಬಂದು, ರೇಡಿಯೊದಲ್ಲಿ ಹವಾಮಾನ ಓದುವವಳಿಗೆ "ಹೌದಾ? ನಾಳೆನೂ ಮಳೆನಾ?" ಎಂದು ಉತ್ತರ ಕೊಡುವ ಮಟ್ಟಕ್ಕೆ ಇಳಿದಿದ್ದೆ.

ಹೀಗಿರುವಾಗ ಒಂದು ಬೆಳಗ್ಗೆ, ಮಗುವಿನ ಬಟ್ಟೆ ಹರವುತ್ತಿದ್ದಾಗ ನನಗೆ ಜ್ಞಾನೋದಯವಾಯಿತು.

"ಅತ್ತೆ, ಈ ಸಲ ಫುರಾಂಚೊ ತೆರೆಯೋಣ."

ಮಾವ ಇದ್ದ ಕಾಲದಲ್ಲಿ ಪ್ರತಿ ವಸಂತಕ್ಕೂ ನಮ್ಮ ಅಂಗಳವೇ ಫುರಾಂಚೊ ಆಗುತ್ತಿತ್ತಂತೆ. ಮನೆಯವರು ಕುಡಿದು ಮಿಕ್ಕ ವೈನನ್ನು ಪೀಪಾಯಿಂದ ಇಳಿಸಿ, ಜೊತೆಗೆ ಮೊಟ್ಟೆಗೆ ಆಲೂಗಡ್ಡೆ ಹಾಕಿ ಬೇಯಿಸಿದ ದಪ್ಪನೆ ತೋರ್ತಿಯಾವನ್ನೋ ಹುರಿದ ಮೆಣಸಿನಕಾಯನ್ನೋ ಕೊಟ್ಟು ಊರವರನ್ನು ಕೂರಿಸಿಕೊಳ್ಳುವುದು. ಗೇಟಿಗೆ ಲಾರೆಲ್ ಕೊಂಬೆ ಕಟ್ಟಿದರೆ ಬನ್ನಿ ಎಂದರ್ಥ. ಪೀಪಾಯಿ ಬರಿದಾದರೆ ಕೊಂಬೆ ಇಳಿಸಬೇಕು. ಅಂಗಡಿಯ ವೈನು ತಂದು ಸುರಿದರೆ ಏಳು ತಲೆಮಾರಿಗೂ ಮರ್ಯಾದೆ ಇಲ್ಲ.

"ಗದ್ದಲ ತಡ್ಕೋತೀಯೇನೆ?" ಎಂದರು ಅತ್ತೆ, ನನ್ನ ಕಡೆ ತಿರುಗಿ. (ಕೋಳಿಗಳು ಮುಖ ಊದಿಸಿಕೊಂಡವು.)

"ಗದ್ದಲ ಬೇಕು ಅಂತಾನೇ ಕೇಳ್ತಿರೋದು ಅತ್ತೆ."

ಕೊಂಬೆ ಕಟ್ಟಿದ ದಿನವೇ ಅಂಗಳ ತುಂಬಿತು. ಎಲಾದಿಯೊ ಎಂಬ ಹಿರಿಯರು ಮೊದಲು ಬಂದು ಚಪ್ಪರದ ಕೆಳಗಿನ ಕಲ್ಲಿನ ಮೇಜನ್ನು ವಶಪಡಿಸಿಕೊಂಡರು. ವೈನಿನ ಬಿಳಿ ಬಟ್ಟಲುಗಳು ಮೇಜಿಗೆ ಟಣ್ಣೆಂದವು, ಇಸ್ಪೀಟು ಎಲೆಗಳು ಪಟಾರೆಂದವು. ಎಲಾದಿಯೊ ನಲವತ್ತು ಅಂಕದ ಜೋಡಿಯಾದ ರಾಜ ಮತ್ತು ಸವಾರನನ್ನು ಒಟ್ಟಿಗೆ ಬೀಸಿ "ನಲವತ್ತು!" ಎಂದು ಕೂಗಿದ್ದು ಕೊಲ್ಲಿಯ ಆಚೆ ದಂಡೆಗೂ ಕೇಳಿಸಿರಬೇಕು. ನನ್ನ ಕಣ್ಣು ತುಂಬಿ ಬಂತು. ಇನ್ನೇನು ಅವರ ಪಕ್ಕ ಕುರ್ಚಿ ಎಳೆದುಕೊಂಡು "ನಮ್ಮ ವೀಗೋದಲ್ಲಿ..." ಎಂದು ಶುರು ಮಾಡಬೇಕು, ಅಷ್ಟರಲ್ಲಿ ನೆನಪಾಯಿತು: ಒಳಗೆ ಸಬೆಲಾ ಮಲಗಿದ್ದಾಳೆ!

ಓಡಿದೆ. ಮಗು ನಿದ್ದೆಯಲ್ಲಿತ್ತು. ಆದರೆ ಉಸಿರಾಡುತ್ತಿದೆಯೇ? ಶಿಶುಪಾಲನೆಯ ಪುಸ್ತಕ ಹೇಳಿದಂತೆ ಎದೆಯ ಮೇಲೆ ಕೈಯಿಟ್ಟೆ. ಸಾಲದೆಂದು ಮೂಗಿಗೆ ಕನ್ನಡಿ ಹಿಡಿದೆ. ಮೂಗಿಗೆ ತಣ್ಣಗೆ ತಾಗಿದ ಕೂಡಲೇ ಮಗು ಕಿಟಾರನೆ ಕಿರುಚಿಕೊಂಡಿತು. ತಪ್ಪು ಯಾರದು? ಹೊರಗಿನ ಗದ್ದಲದ್ದೇ, ಇನ್ಯಾರದು!

"ಶ್...! ಮಗು ಮಲಗಿದೆ!" ಎಂದು ಬಾಗಿಲಲ್ಲಿ ನಿಂತು ಗುಡುಗಿದೆ, ಕಂಕುಳಲ್ಲಿ ಎಚ್ಚರವಾಗಿಯೇ ಅಳುತ್ತಿದ್ದ ಮಗುವನ್ನು ಇಟ್ಟುಕೊಂಡು.

ಅಂದಿನಿಂದ ನಿಶ್ಶಬ್ದ ಸಾಮ್ರಾಜ್ಯ ಸ್ಥಾಪನೆಯಾಯಿತು. ಕುರ್ಚಿಯ ಕಾಲುಗಳಿಗೆ ಬ್ರಾಯ್ಸನ ಹಳೆಯ ಕಾಲುಚೀಲ ತೊಡಿಸಿದೆ. ಬಟ್ಟಲುಗಳಡಿ ಬಟ್ಟೆ ಹಾಸಿದೆ. ಇಸ್ಪೀಟು ಎಲೆಯನ್ನು ಬೀಸುವಂತಿಲ್ಲ, ಹಾಲುಗಲ್ಲದ ಕೂಸನ್ನು ಮಲಗಿಸುವಂತೆ ಇಡಬೇಕು. ಮೆಣಸಿನಕಾಯಿ ಹುರಿದರೆ ಎಣ್ಣೆ ಚಟಪಟ ಅನ್ನುತ್ತದೆಂದು ಅದನ್ನೂ ನಿಲ್ಲಿಸಿದೆ.

"ಏನ್ ತಾಯಿ, ಚರ್ಚಿಗೆ ಬಂದಂಗಾಗ್ತಿದೆ," ಎಂದು ಪಿಸುಗುಟ್ಟಿದರು ಎಲಾದಿಯೊ. "ಒಂದೇ ವ್ಯತ್ಯಾಸ. ಅಲ್ಲಿ ಪಾದ್ರಿ ಒಬ್ಬನೇ ಕುಡೀತಾನೆ."

ಪಕ್ಕದವರು ನಕ್ಕರು. ನಾನು ತುಟಿಯ ಮೇಲೆ ಬೆರಳಿಟ್ಟೆ. ನಗು ವೈನಿನೊಂದಿಗೆ ಗಂಟಲಲ್ಲೇ ಇಳಿದುಹೋಯಿತು.

ನಾನು ಯಾರ ಪಕ್ಕದಲ್ಲೂ ಕೂರಲಿಲ್ಲ. ಒಂದು ಕಿವಿ ತೊಟ್ಟಿಲ ಕಡೆ, ಒಂದು ಕಣ್ಣು ಅಂಗಳದ ಕಡೆ ಇಟ್ಟು ಹೊಸ್ತಿಲಲ್ಲೇ ಕಾವಲು. ನಾನು ಹತ್ತಿರ ಬಂದರೆ ಜನ ಪಿಸುಮಾತನ್ನೂ ನಿಲ್ಲಿಸುತ್ತಿದ್ದರು. ಬರಬರುತ್ತಾ ಬರುವವರೇ ಕಡಿಮೆಯಾದರು. ಊರಿನ ಬೇರೆ ಗೇಟುಗಳಲ್ಲಿ ಪೀಪಾಯಿ ಮುಗಿದು ಕೊಂಬೆ ಇಳಿದರೂ ನಮ್ಮದು ಮಾತ್ರ ಒಣಗಿ, ಕಂದಾಗಿ, ಗಾಳಿಗೆ ಪರಪರ ಎನ್ನುತ್ತಾ ಮೆರೆಯಿತು.

"ನಮ್ಮ ಗೇಟಲ್ಲಿ ಕೊಂಬೆ ಒಣಗಿದ್ದು ಇದೇ ಮೊದಲು," ಎಂದರು ಅತ್ತೆ, ಕೋಳಿಗಳಿಗೆ.

ಕೊನೆಗೆ ಉಳಿದವರು ಎಲಾದಿಯೊ ಮತ್ತು ಅವರ ಜೊತೆಯಾಟದ ಗೆಳೆಯ, ಇಬ್ಬರೇ. ಒಂದು ಮಧ್ಯಾಹ್ನ ಸಬೆಲಾ ಊಟವಾದಾಗಿನಿಂದ ನಿದ್ದೆಯಿಲ್ಲದೆ ರಾಗ ಎಳೆಯುತ್ತಿದ್ದಳು. ಹೊರಗೆ ಎಲಾದಿಯೊಗೆ ಎಂಥ ಎಲೆ ಬಂತೋ, ಮೈಮರೆತು, ಕಲ್ಲು ಅದುರುವಂತೆ ಬಡಿದು, "ನಲವತ್ತೋ!" ಎಂದರು.

ಒಳಗೆ ಅಳು ನಿಂತಿತು. ನನ್ನ ಎದೆಯೂ ನಿಂತಿತು. ಓಡಿ ಹೋಗಿ ನೋಡಿದರೆ ಮಗು ಮುಷ್ಟಿ ಸಡಿಲಿಸಿ, ಬಾಯಿ ತೆರೆದು, ಸುಖನಿದ್ದೆಯಲ್ಲಿದೆ! ಹೆದರಿದ ಎಲಾದಿಯೊ ತೆಪ್ಪಗಾದ ಕೂಡಲೇ ಮತ್ತೆ ರಾಗ ಶುರುವಾಯಿತು.

"ಕೂಗಿ ಎಲಾದಿಯೊ ಅವರೇ! ದಮ್ಮಯ್ಯ, ಬಡೀರಿ!"

"ಬಿಸಿಲಿಗೆ ತಲೆ ತಿರುಗಿತೇನಮ್ಮ?"

"ಅವಳಿಗೆ ಗದ್ದಲ ಬೇಕು, ಗದ್ದಲ!"

"ಅದನ್ನೇ ಆವತ್ತು ಹೇಳಿದ್ರೆ ಊರಿಗೂರನ್ನೇ ಕರ್ಕೊಂಡು ಬರ್ತಿದ್ದೆ," ಎಂದರು ಅವರು. ಆದರೂ ಇಬ್ಬರೂ ಸೇರಿ ಊರಿನಷ್ಟು ಕೂಗಿದರು. ನಾನು ಕಾಲುಚೀಲಗಳನ್ನು ಕಿತ್ತೆಸೆದೆ, ಎಣ್ಣೆ ಚಟಪಟ ಎನ್ನಿಸಿದೆ, ಎಷ್ಟೋ ದಿನದ ಮೇಲೆ ಅವರ ಮೇಜಿಗೆ ಕುರ್ಚಿ ಎಳೆದುಕೊಂಡು ಕೂತೆ. "ನಮ್ಮ ವೀಗೋದಲ್ಲಿ..." ಎಂದು ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಅತ್ತೆ ನೆಲಮಾಳಿಗೆಯಿಂದ ಖಾಲಿ ಹೂಜಿ ಹಿಡಿದು ಮೇಲೆ ಬಂದರು.

"ಮುಗೀತು."

"ತಳದಲ್ಲಿ ಇನ್ನೊಂಚೂರು ಇರಬೇಕು ನೋಡಿ ಅತ್ತೆ!"

"ಮಡ್ಡಿ ಇದೆ. ಕುಡಿಸ್ತೀಯಾ?"

ಎಲಾದಿಯೊ ಟೋಪಿ ಹಾಕಿಕೊಂಡು ಎದ್ದರು. ಹೋಗುವಾಗ ಒಣಕೊಂಬೆಯನ್ನು ಅವರೇ ಬಿಚ್ಚಿ, ಗೋಡೆಗೆ ಒರಗಿಸಿ ಹೋದರು. ಕೊಂಬೆಯಿಲ್ಲದ ಗೇಟನ್ನು ನಮ್ಮೂರಲ್ಲಿ ಯಾರೂ ತಳ್ಳುವುದಿಲ್ಲ.

ಈಗ ಪ್ರತಿ ಮಧ್ಯಾಹ್ನ ಮಗುವನ್ನು ಮಲಗಿಸುವ ಕ್ರಮ ಹೀಗಿದೆ. ಚಪ್ಪರದ ಕೆಳಗೆ ನಾನೊಬ್ಬಳೇ ಕೂರುತ್ತೇನೆ. ಖಾಲಿ ಬಟ್ಟಲನ್ನು ಟಣ್ಣೆನ್ನಿಸುತ್ತೇನೆ. ಎಲಾದಿಯೊ ಆಗಿ ಎಲೆ ಬಡಿಯುತ್ತೇನೆ, ಎದುರಾಳಿಯಾಗಿ ಬೈಯುತ್ತೇನೆ. "ಮೋಸ!" "ಯಾರೋ ಮೋಸ ಮಾಡಿದ್ದು?" "ನಲವತ್ತು!" ಜಗಳ ಜೋರಾದಷ್ಟೂ ಸಬೆಲಾಗೆ ಗಾಢನಿದ್ದೆ. ಒಮ್ಮೊಮ್ಮೆ ಇಬ್ಬರಲ್ಲಿ ಒಬ್ಬರು ವೀಗೋ ಬಗ್ಗೆ ಕೇಳುತ್ತಾರೆ; ನಾನು ವಿವರವಾಗಿ ಹೇಳುತ್ತೇನೆ.

ನಿನ್ನೆ ಹೀಗೇ ಆಟ ರಂಗೇರಿದ್ದಾಗ ಕಲ್ಲುಗೋಡೆಯ ಮೇಲೆ ಒಂದು ತಲೆ ಮೂಡಿತು. ಪಕ್ಕದ ಮನೆಯ ಒಬ್ದೂಲಿಯಾ! ನಾನು ಈ ಊರಿಗೆ ಬಂದ ಮೇಲೆ ಆ ಗೋಡೆಯ ಮೇಲಿಂದ ಯಾರೂ ಇಣುಕಿರಲಿಲ್ಲ. ಕೊಂಬೆಯಿಲ್ಲದಿದ್ದರೂ ಒಬ್ಬರು ಬಂದರಲ್ಲ! ಅಂಗಿಗೇ ಕೈ ಒರೆಸಿಕೊಂಡು, ಎರಡನೆಯ ಬಟ್ಟಲನ್ನು ಅವರ ಕಡೆ ಸರಿಸಿ, ಕುರ್ಚಿ ಎಳೆದು, "ಬನ್ನಿ, ಬನ್ನಿ ಒಬ್ದೂಲಿಯಾ ಅವರೇ!" ಎಂದೆ.

ಒಬ್ದೂಲಿಯಾ ತುಟಿಯ ಮೇಲೆ ಬೆರಳಿಟ್ಟರು.

"ಶ್...! ನಮ್ಮ ಯಜಮಾನರು ಮಲಗಿದಾರೆ."

ತಲೆ ಗೋಡೆಯ ಹಿಂದೆ ಮುಳುಗಿತು. ಒಳಗೆ ಸಬೆಲಾ ರಾಗ ತೆಗೆದಳು.