ಕಾರಿಗೆ ಪಾಠ ಕಲಸಿದ್ದು

ತನ್ನ ಕಾಲಿನ ಮೇಲೆ ಬಂದ ಅಪವಾದವನ್ನು ದರ್ಜಿ ಎಷ್ಟು ದಿನ ಅಂತ ಸಹಿಸಿಯಾನು? ಕೈಯ ಮೇಲೆ ಬಂದಿದ್ದರೆ ಸಹಿಸುತ್ತಿದ್ದ. ಕತ್ತರಿ ಹಿಡಿಯುವ ಕೈ, ಒಮ್ಮೊಮ್ಮೆ ತಪ್ಪುತ್ತದೆ. ತೋಳು ಗಿಡ್ಡವಾಯಿತು ಅಂತ ಗಿರಾಕಿ ಕೂಗಾಡಿದರೆ 'ಒಗೆದ ಮೇಲೆ ಸರಿಹೋಗುತ್ತೆ' ಅಂದು ಕಳಿಸಿಬಿಡುತ್ತಿದ್ದ. (ಒಗೆದ ಮೇಲೆ ಇನ್ನೂ ಗಿಡ್ಡವಾಗುತ್ತಿತ್ತು, ಆ ಮಾತು ಬೇರೆ.) ಆದರೆ ಇದು ಕಾಲಿನ ವಿಷಯ. ಅದೂ ಹೆಂಡತಿಯೇ ಹೊರಿಸಿದ ಅಪವಾದ.

ಅವನದೊಂದು ಹಳೆಯ ಎಸ್‌ಯುವಿ. ಅವನ ಅಂಗಡಿಗಿಂತ ಸ್ವಲ್ಪ ದೊಡ್ಡದು. ಗೇರು ಹಾಕುವ ತಾಪತ್ರಯವಿಲ್ಲ, ತಾನೇ ಹಾಕಿಕೊಳ್ಳುವ ಜಾತಿ. ಈಚೆಗೆ ಅದು ಜಗ್ಗತೊಡಗಿತ್ತು. ಎತ್ತು ಏರಿಗೆ, ಕೋಣ ನೀರಿಗೆ ಅನ್ನುವ ಹಾಗೆ ಇಂಜಿನ್ ಒಂದು ಕಡೆ, ಚಕ್ರ ಒಂದು ಕಡೆ. ಒಳಗೆ ಕೂತವರೆಲ್ಲ ಒಂದೇ ತಾಳಕ್ಕೆ ತಲೆದೂಗುತ್ತಿದ್ದರು. ಹೊರಗಿನಿಂದ ನೋಡಿದವರು ಒಳಗೆ ಯಾವುದೋ ಒಳ್ಳೆಯ ಸಂಗೀತ ಕಛೇರಿ ನಡೀತಿದೆ ಅಂದುಕೊಳ್ಳಬೇಕು.

"ಕಾರು ಕೆಟ್ಟಿದೆ ಕಣೇ," ಅಂದ ದರ್ಜಿ.

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ. ನಿಮ್ಮ ಕಾಲು ಕೆಟ್ಟಿದೆ," ಅಂದಳು ಹೆಂಡತಿ.

ಹೆಂಡತಿ ಶಿಶುವಿಹಾರದಲ್ಲಿ ಟೀಚರು. ಊರಿಗೆಲ್ಲ ಅವಳು 'ಮಿಸ್'. ಮೂಗು ಸುರಿಸುವ ಮಕ್ಕಳ ಹಿಂಡನ್ನು ದನಿ ಏರಿಸದೆ ಸಾಲಾಗಿ ಕೂರಿಸುವವಳು. ಅವಳಿಗೂ ಲೈಸೆನ್ಸ್ ಇತ್ತು. ಆದರೆ ಕಾರಿನ ಕೀ ದರ್ಜಿಯ ಜೇಬಿನಲ್ಲಿತ್ತು.

ಸಂಗತಿ ಇಷ್ಟಕ್ಕೇ ನಿಂತಿದ್ದರೆ ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತ ಬಿಡಬಹುದಿತ್ತು. ಅಷ್ಟರಲ್ಲಿ ದರ್ಜಿಯ ಅತ್ತೆಗೆ ಕಣ್ಣಿನ ಆಪರೇಷನ್ ಆಯಿತು. ವಾರ ಬಿಟ್ಟು ಮನೆಗೆ ಕರೆತರುವಾಗ ಒಂದಿಷ್ಟೂ ಕುಲುಕಬಾರದು ಅಂದರು ಡಾಕ್ಟರು. ಆಸ್ಪತ್ರೆಯ ಮಂಚದಲ್ಲಿ ಮಲಗಿದ್ದ ಅತ್ತೆ, ಕಣ್ಣಿಗೆ ಪಟ್ಟಿ ಇದ್ದರೂ ಬಾಯಿಗೆ ಇರಲಿಲ್ಲವಾದ್ದರಿಂದ, ಅಲ್ಲೇ ಫರ್ಮಾನು ಹೊರಡಿಸಿದರು.

"ಮಗಳು ಓಡಿಸಿದ್ರೆ ಆ ಕಾರು ಹತ್ತುತೀನಿ. ಅಳಿಯಂದ್ರು ಓಡಿಸೋದಾದ್ರೆ ನಡ್ಕೊಂಡು ಬರ್ತೀನಿ."

ದರ್ಜಿಗೆ ಅನ್ನ ಇಳಿಯಲಿಲ್ಲ. ತನ್ನ ಕಾರಿನಲ್ಲಿ, ತನ್ನ ಕೈಯಾರೆ, ಒಂದು ಸಲ ಅತ್ತೆಯನ್ನು ಹೂವಿನ ಹಾಗೆ ತಂದು ಇಳಿಸಬೇಕು. ಅವನ ಆಸೆ ಅಷ್ಟೇ. ಕಾರನ್ನು ನೇರ ಮೆಕ್ಯಾನಿಕ್ ಹತ್ತಿರ ಒಯ್ದ.

ಮೆಕ್ಯಾನಿಕ್ ಬಾನೆಟ್ ಕಡೆ ತಿರುಗಿಯೂ ನೋಡಲಿಲ್ಲ. ಸ್ಟಿಯರಿಂಗ್ ಕೆಳಗೆ ಒಂದು ವೈರು ಸಿಕ್ಕಿಸಿ ಲ್ಯಾಪ್‌ಟಾಪು ತೆರೆದ. ಕಾರು ತನ್ನ ನೋವನ್ನೆಲ್ಲ ಪರದೆಯ ಮೇಲೆ ತಾನೇ ಬರೆದುಕೊಂಡಿತು. ದರ್ಜಿ ಬಾಯಿ ಬಿಟ್ಟುಕೊಂಡು ನಿಂತ. ಎಲ್ಲಿ ಹಿಡಿಯುತ್ತದೆ ಅಂತ ಇಷ್ಟು ಸರಿಯಾಗಿ ಹೇಳುವ ಒಬ್ಬ ಗಿರಾಕಿಯನ್ನೂ ಅವನು ಕಂಡಿರಲಿಲ್ಲ.

"ಗೇರಿನ ಮೆದುಳು ಹೋಗಿದೆ ಅಣ್ಣ. ಟ್ರಾನ್ಸ್‌ಮಿಷನ್ ಕಂಟ್ರೋಲ್ ಮಾಡ್ಯೂಲು. ಯಾವಾಗ ಯಾವ ಗೇರು ಅಂತ ಹೇಳೋದು ಅದೇ. ಒಳಗೆ ನೀರಿಳಿದಿದೆ."

ಬ್ಯಾಟರಿ ಕಳಚಿ, ಕೈ ಹಾಕಿ, ಮೆಕ್ಯಾನಿಕ್ ಒಂದು ಪೆಟ್ಟಿಗೆ ಹೊರತೆಗೆದ. ಸಾಬೂನಿನ ಡಬ್ಬಿಯಷ್ಟು. ದರ್ಜಿ ಅದನ್ನು ಎರಡೂ ಕೈಯಲ್ಲಿ ಇಸಕೊಂಡ. ಆನೆಯಂಥ ಕಾರು, ಅದನ್ನು ಆಳುವುದು ಇದು. ಮೂರ್ತಿ ಚಿಕ್ಕದು ಕೀರ್ತಿ ದೊಡ್ಡದು ಅಂತ ಕೇಳಿದ್ದ, ಕೈಯಲ್ಲಿ ಹಿಡಿದದ್ದು ಅವತ್ತೇ. ಮೈ ಜುಮ್ಮೆಂದಿತು. ಕೂಡಲೇ ಹೆಂಡತಿಗೆ ಫೋನು ಮಾಡಿದ.

"ಕಾಲಲ್ಲ ಕಣೇ. ಮೆದುಳು ಕೆಟ್ಟಿರೋದು."

"ನಾನೂ ಮೊದಲಿಂದ ಅದನ್ನೇ ಹೇಳ್ತಿರೋದು."

"ನಂದಲ್ಲ, ಕಾರಿಂದು."

ಮದುವೆಯಾದಾಗಿನಿಂದ ಹೆಂಡತಿಯನ್ನು ಮಾತಿಲ್ಲದೆ ನಿಲ್ಲಿಸಿದ್ದು ಅದೇ ಮೊದಲು. ದರ್ಜಿಗೆ ಹಾಲು ಕುಡಿದಷ್ಟು ಸಂತೋಷ.

ಹೊಸ ಪೆಟ್ಟಿಗೆ ಬಂದಿತು. ಕೂರಿಸಿದ್ದಾಯಿತು. ಅದಕ್ಕೆ ಲ್ಯಾಪ್‌ಟಾಪಿನಿಂದ ಬುದ್ಧಿ ತುಂಬಿಸುವಾಗ ಪರದೆಯ ಮೇಲೆ ಒಂದು ಹಸಿರು ಪಟ್ಟಿ ಇಷ್ಟಿಷ್ಟೇ ಬೆಳೆಯುತ್ತಿತ್ತು. ದರ್ಜಿ ಹೆರಿಗೆ ವಾರ್ಡಿನ ಬಾಗಿಲಲ್ಲಿ ನಿಂತವನ ಹಾಗೆ ಆ ಕಡೆ ಈ ಕಡೆ ಓಡಾಡಿದ. ಪಟ್ಟಿ ತುಂಬಿತು.

"ಈಗ ಇದು ಹುಟ್ಟಿದ ಮಗು ಅಣ್ಣ," ಅಂದ ಮೆಕ್ಯಾನಿಕ್. "ಓಡಿಸೋರು ಹೆಂಗೆ ತುಳೀತಾರೆ, ಹೆಂಗೆ ಬಿಡ್ತಾರೆ, ನೋಡ್ಕೊಂಡು ಗೇರು ಹಾಕೋದು ಕಲಿಯುತ್ತೆ. ಊರು ತುಂಬ ಓಡಿಸಿ ಚೆನ್ನಾಗಿ ಕಲ್ಸಿ."

ತನ್ನ ಜಯವನ್ನು ಕಣ್ಣಾರೆ ಕಾಣಲಿ ಅಂತ ದರ್ಜಿ ಹೆಂಡತಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟ. ಕಾರು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಬೀದಿಗೆ ಇಳಿಯಿತು. ಹೆಂಡತಿ ಹುಬ್ಬೇರಿಸಿದಳು. ದರ್ಜಿ ಗಂಟಲು ಸರಿಮಾಡಿಕೊಂಡ.

"ನೋಡಪ್ಪ, ಇದು ತಿರುವು. ಇಲ್ಲಿ ಎರಡನೇದು ಹಾಕ್ಬೇಕು. ಮುಂದೆ ಉಬ್ಬು ಇದೆ, ಹೆದರ್ಬೇಡ."

"ಯಾರ ಹತ್ರ ಮಾತಾಡ್ತಿದೀರಿ?"

"ಮಗೂಗೆ ಪಾಠ. ಮೆಕ್ಯಾನಿಕ್ ಕಲಿಸಿ ಅಂದಿದಾನೆ."

"ಅದಕ್ಕೆ ಕಿವಿ ಇದೆಯಾ?"

"ಮೆದುಳೇ ಇದೆ, ಕಿವಿ ಇರಲ್ವಾ?"

ಬೀದಿ ಮೇಲೆ ಬೀದಿ ಸುತ್ತಿದರು. ಪಾಠ ಮುಂದುವರಿದಷ್ಟೂ ಕಾರಿಗೆ ಏನೋ ಆಗತೊಡಗಿತು. ಮೊದಲು ಸಣ್ಣಗೆ ಅಳುಕಿತು. ಆಮೇಲೆ ಒಂದು ಜಗ್ಗು. ಮಾರ್ಕೆಟ್ಟಿನ ಹತ್ತಿರ ಬರುವಷ್ಟರಲ್ಲಿ ಟಕ್ಕು ಟಕ್ಕು ಟಕ್ಕು ಅಂತ ಹಳೇ ತಾಳ ಪೂರ್ತಿ ಬಂದಿತ್ತು. ಹೆಂಡತಿ ತಲೆದೂಗುತ್ತಲೇ (ಬೇರೆ ದಾರಿ ಇರಲಿಲ್ಲ) ಹೇಳಿದಳು.

"ರೀ, ಅವನು ಕಲಿಸಿ ಅಂದ. ನೀವು ಕಲಸಿಬಿಟ್ರಿ."

ದರ್ಜಿ, ಹೊಸ ಮೆದುಳೂ ಕೆಟ್ಟದ್ದೇ ಅಂತ ಗೊಣಗುತ್ತ ಕಾರನ್ನು ವಾಪಸ್ಸು ಗ್ಯಾರೇಜಿಗೆ ತಿರುಗಿಸಿದ. ಮೆಕ್ಯಾನಿಕ್ ವೈರು ಸಿಕ್ಕಿಸಿ ನೋಡಿದ. ಒಂದೂ ತಪ್ಪಿಲ್ಲ. ಆಮೇಲೆ ಪಕ್ಕ ಕೂತು ಒಂದು ಸುತ್ತು ಬಂದ. ರಸ್ತೆ ನೋಡಲಿಲ್ಲ, ದರ್ಜಿಯ ಬಲಗಾಲನ್ನೇ ನೋಡಿದ.

"ಅಣ್ಣ, ಅಂಗಡೀಲಿ ನಿಮ್ಮ ಮಿಷಿನ್ನು ಕರೆಂಟಿಂದಾ?"

"ಇಲ್ಲಪ್ಪ, ಕಾಲಲ್ಲಿ ತುಳಿಯೋದು. ನಮ್ಮಪ್ಪನ ಕಾಲದ್ದು. ಯಾಕೆ?"

ಮೆಕ್ಯಾನಿಕ್ ಕಿಟಕಿ ಕಡೆ ಮುಖ ತಿರುಗಿಸಿದ. ಅವನ ಹೆಗಲು ಕುಣಿಯುತ್ತಿತ್ತು.

"ಆಕ್ಸಿಲರೇಟರನ್ನೂ ಹಂಗೇ ತುಳೀತಿದೀರಿ. ಒತ್ತಿ ಬಿಟ್ಟು, ಒತ್ತಿ ಬಿಟ್ಟು. ಪಾಪ, ಅದೂ ಕಲಿತಿದೆ. ಇದು ಈಗ ಓಡ್ತಿಲ್ಲ ಅಣ್ಣ, ರಸ್ತೆಗೆ ಹೊಲಿಗೆ ಹಾಕ್ತಿದೆ."

ಹಿಂದಿನ ಸೀಟಿಗೆ ಸರಿದಿದ್ದ ಮಿಸ್ ನಕ್ಕ ನಗು ಮುಗಿಯಲು ಒಂದು ಸಿಗ್ನಲ್ ಪೂರ್ತಿ ಬೇಕಾಯಿತು.

ಕಲಿತದ್ದನ್ನೆಲ್ಲ ಅಳಿಸಿದರು. ಈ ಸಲ ಯಾರು ಓಡಿಸಬೇಕು ಅಂತ ಚರ್ಚೆಯೇ ನಡೆಯಲಿಲ್ಲ. ದರ್ಜಿ ಜೇಬಿನಿಂದ ಕೀ ತೆಗೆದು ಹೆಂಡತಿಯ ಅಂಗೈಗೆ ಹಾಕಿ, ಹಿಂದೆ ಹೋಗಿ ಕೂತ.

ಅವಳು ಕಾರಿಗೆ ಒಂದು ಮಾತೂ ಹೇಳಲಿಲ್ಲ. ಕಾಲನ್ನು ಮೆಲ್ಲಗಿಟ್ಟಳು, ಮೆಲ್ಲಗೆ ತೆಗೆದಳು. ಕಾರು ತಡವರಿಸಿದಾಗ ಕಾದಳು. ಅಕ್ಷರ ತಿದ್ದುವ ಮಗುವಿನ ಕೈ ಹಿಡಿದು ಕಾಯುತ್ತಾರಲ್ಲ, ಹಾಗೆ. ಏರು ಬಂತು, ಇಳಿಜಾರು ಬಂತು, ಗೇರು ಬದಲಾದದ್ದೇ ತಿಳಿಯಲಿಲ್ಲ. ದರ್ಜಿ ಹೆಂಡತಿಯ ಬೆನ್ನನ್ನೇ ನೋಡುತ್ತ ಕೂತ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು, ಇವಳು ಬೆಳಗಿನಿಂದ ಸಂಜೆ ತನಕ ಶಿಶುವಿಹಾರದಲ್ಲಿ ಏನು ಮಾಡುತ್ತಾಳೆ ಅಂತ ಅವನಿಗೆ ಗೊತ್ತಿರಲಿಲ್ಲ. ಈಗ ಗೊತ್ತಾಯಿತು. ಪೆಟ್ಟಿಗೆ ನೋಡಿ ಜುಮ್ಮೆಂದ ಮೈ ಇನ್ನೊಮ್ಮೆ ಜುಮ್ಮೆಂದಿತು. ಆದರೆ ಅದನ್ನು ಹೇಗೆ ಹೇಳುವುದು ಅಂತ ತಿಳಿಯದೆ, "ಪೆಟ್ರೋಲ್ ನೋಡ್ಕೋ," ಅಂದ.

ಅತ್ತೆಯನ್ನು ಕರೆತರುವ ದಿನ ಬಂದಿತು. ದರ್ಜಿ ಹೆಂಡತಿಯ ಮುಂದೆ ಚಡಪಡಿಸುತ್ತ ನಿಂತ.

"ಇವತ್ತೊಂದಿನ ನಾನು ಓಡಿಸ್ಲಾ?"

"ಅಮ್ಮ ಒಪ್ಪಲ್ಲ."

"ಅವರಿಗೆ ಹೇಳೋದು ಬೇಡ. ನಾನು ಬಾಯೇ ಬಿಡಲ್ಲ."

ಹೆಂಡತಿ ಅವನ ಮುಖ ನೋಡಿದಳು. ತರಗತಿಯಲ್ಲಿ ಹಿಂದಿನ ಸಾಲಿನ ಹುಡುಗ ಕೈಯೆತ್ತಿದಾಗ ನೋಡುವ ನೋಟ.

"ಚಪ್ಪಲಿ ಬಿಚ್ಚಿ ಓಡಿಸಿ. ಇದು ಮಿಷಿನ್ನಲ್ಲ ಅಂತ ಕಾಲಿಗೆ ಗೊತ್ತಾಗ್ಲಿ."

ಅತ್ತೆಯ ಒಂದು ಕಣ್ಣಿಗೆ ಪಟ್ಟಿ. ಇನ್ನೊಂದಕ್ಕೆ ಎದುರಿಗಿರುವುದು ಮರವೋ ಮನುಷ್ಯನೋ ತಿಳಿಯದು. ಹಿಂದಿನ ಸೀಟಿನಲ್ಲಿ ದಿಂಬಿಗೆ ಒರಗಿಸಿ ಕೂರಿಸಿದರು. ಹೆಂಡತಿ ಮುಂದೆ ಪಕ್ಕದಲ್ಲಿ ಕೂತಳು. ದರ್ಜಿ ಚಪ್ಪಲಿ ಬಿಚ್ಚಿಟ್ಟು ಹೊರಟ.

ಬರಿಗಾಲು ಸ್ವಲ್ಪ ಹೊತ್ತು ಹೇಳಿದಂತೆ ಕೇಳಿತು. ಆಮೇಲೆ ಅದರ ಹಳೇ ಚಾಳಿ ಎದ್ದಿತು. ಒತ್ತಿ ಬಿಟ್ಟಿತು, ಒತ್ತಿ ಬಿಟ್ಟಿತು. ದರ್ಜಿ ಕಣ್ಣು ಕಿರಿದುಮಾಡಿ ಜಗ್ಗಿಗೆ ಕಾದ. ಜಗ್ಗು ಬರಲಿಲ್ಲ. ಅವನು ತುಳಿದದ್ದನ್ನೆಲ್ಲ ಕಾರು ಹೂಂ ಹೂಂ ಅಂತ ಕೇಳಿಸಿಕೊಂಡು, ಕೊನೆಗೆ ತನಗೆ ಸರಿಕಂಡದ್ದನ್ನೇ ಮಾಡುತ್ತಿತ್ತು. ಈ ನಡವಳಿಕೆಯನ್ನು ಅವನು ಮನೆಯಲ್ಲಿ ದಿನಾ ಕಂಡಿದ್ದ. ಓರೆಗಣ್ಣಿನಲ್ಲಿ ಪಕ್ಕಕ್ಕೆ ನೋಡಿದ. ಹೆಂಡತಿ ಕಿಟಕಿಯಾಚೆ ನೋಡುತ್ತಿದ್ದಳು.

ಮನೆಯ ಬೀದಿ ಬಂದಾಗ ಹಿಂದಿನಿಂದ ಅತ್ತೆಯ ದನಿ ಕೇಳಿತು. ನಿದ್ದೆ ಮುಗಿಸಿದ ಸುಖದ ದನಿ.

"ತೊಟ್ಟಿಲಲ್ಲಿ ಮಲಗಿದ ಹಾಗಿತ್ತು ಕಣೇ. ಎಷ್ಟು ಚೆನ್ನಾಗಿ ಓಡಿಸ್ತೀಯ ಮಗಳೇ."

ದರ್ಜಿಯ ಎದೆ ಹೊಲಿಗೆ ಬಿಟ್ಟುಹೋಗುವಷ್ಟು ಉಬ್ಬಿತು. ನಾನೇ ಅತ್ತೆ, ನಾನೇ ಅನ್ನಲು ಬಾಯಿ ತೆರೆದ. ಅಷ್ಟರಲ್ಲಿ ಎದುರಿಗೆ ಉಬ್ಬು ಬಂದಿತು. ಅವನು ಗಾಬರಿಯಲ್ಲಿ ಯಾವುದನ್ನೋ ಎಷ್ಟೋ ತುಳಿದ. ಕಾರು ತಾನಾಗಿ ಒಂದು ಗೇರು ಇಳಿಸಿಕೊಂಡು, ಅತ್ತೆಯ ದಿಂಬು ಅಲುಗದ ಹಾಗೆ ದಾಟಿತು.

ದರ್ಜಿ ಬಾಯಿ ಮುಚ್ಚಿದ. ಅತ್ತೆ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

"ಅಳಿಯಂದ್ರು ಎಲ್ಲಿ? ಕಾಣ್ತಾನೇ ಇಲ್ಲ," ಅಂದರು ಅತ್ತೆ.

"ಇದಾರಮ್ಮ," ಅಂದಳು ಹೆಂಡತಿ. "ಸುಮ್ನೆ ಕೂತ್ಕೊಂಡು ಬರ್ತಿದಾರೆ."