ಬಟನ್ ಒತ್ತಿದಕೂಡಲೇ ಬರೂ ಮಂದಿ

ಕಂಪ್ಯೂಟರ್ ಚಾಲೂ ಮಾಡಿದಕೂಡಲೇ, ಯಾರೂ ಕರೀದಿದ್ರೂ ಹತ್ತು-ಹದಿನೈದು ಪ್ರೋಗ್ರಾಮ್ ತಾವಾಗೇ ಎದ್ದು ಕುಂದರತಾವು. ಮಷೀನ್ ನಿಧಾನ ಆಗೂದು ಅದರಿಂದನ. ಬ್ಯಾಡಾದ್ದನ್ನ ಬಂದ್ ಮಾಡಿ ಕೊಡೂದು ನನ್ನ ಧಂದೆ. ನಾ ಒಂದು ಬಂದ್ ಮಾಡಿದ್ರ ಯಾರದರ ಕಡೆ ಒಂದು ಎಡವಟ್ಟು ಆಗೇ ಆಗತೈತಿ.

ಹೋಳಿ ಮುಗದ ಮ್ಯಾಲ ಕುಪವಾಡ ಎಂಐಡಿಸಿದಾಗಿನ ಕಾರಖಾನಿ ನೌಕರಿ ಬಿಟ್ಟು ಸಾಂಗ್ಲಿ ಪೇಟ್ಯಾಗ ರಿಪೇರಿ ಅಂಗಡಿ ಹಾಕಿದೆ. ಗಿರಾಕಿ ಬರವಲ್ರು. "ದೀಪಾವಳಿತನಕ ನೋಡ್ರಿ. ಆಗಲಿಲ್ಲಂದ್ರ ಸಾಹೇಬ್ರ ಕಾಲ ಹಿಡದು ಮತ್ತ ನೌಕರಿಗೆ ಹೋಗ್ರಿ" ಅಂದಳು ಹೆಂಡತಿ. ಅಕಿ ಅಂದದ್ದೂ ಖರೇನ ಇತ್ತು.

೧. ಅರಿಶಿಣದ ಕಾಕಾ

ಮೊದಲ ಗಿರಾಕಿ ಅಂದ್ರ ಬಾಜೂ ಗಲ್ಲಿಯ ಅರಿಶಿಣ ವ್ಯಾಪಾರಿ ಕಾಕಾ. ಅವರ ಕಂಪ್ಯೂಟರ್ ತೆರೀಲಿಕ್ಕೆ ಇಪ್ಪತ್ತು ನಿಮಿಷ ಬೇಕಿತ್ತು. ನಾ ಹದಿನಾಲ್ಕು ಪ್ರೋಗ್ರಾಮ್ ಬಂದ್ ಮಾಡಿದೆ. ಅರ್ಧಾ ನಿಮಿಷಕ್ಕ ತೆರೀತು. ಮರುದಿನ ಕಾಕಾ ಮಾರಿ ಸಣ್ಣ ಮಾಡಿಕೊಂಡು ಬಂದ್ರು.

"ಏನ ಮಾಡಿಟ್ಟೀಪಾ? ನಾ ಅಂಗಡಿ ತೆರದು, ಬಟನ್ ಒತ್ತಿ, ಲಿಂಗಪೂಜಾಕ್ಕ ಕುಂದರಾಂವ. ಪೂಜಾ ಮುಗ್ಯೂದಕ್ಕೂ ಅದು ತೆರ್ಯೂದಕ್ಕೂ ಸರಿ ಆಗತಿತ್ತು. ಈಗ ವಿಭೂತಿ ಹಚ್ಚೂದ್ರಾಗ ತಯಾರಾಗಿ ಟಿಣ್ ಟಿಣ್ ಅಂತ ಕರೀತೈತಿ."

"ಪೂಜಾ ಮುಗದ ಮ್ಯಾಲ ಬಟನ್ ಒತ್ರಿ, ಕಾಕಾ."

"ಹನ್ನೆರಡು ವರ್ಷದ ರೂಢಿ. ಕೈ ತಾನ ಹೋಗತೈತಿ. ನೀ ಅದನ್ನ ಸ್ವಲ್ಪ ನಿಧಾನ ಮಾಡಿಕೊಡು."

ಅವರ ಅಂಗಡೀಗೆ ಹೋಗಿ ಒಂಬತ್ತು ಪ್ರೋಗ್ರಾಮ್ ತಿರುಗಿ ಹಚ್ಚಿದೆ. ಕಾಕಾ ಪೂಜಾ ಮಾಡಿ ನೋಡಿದ್ರು, ಬರೋಬ್ಬರಿ ಹೊಂದಿತು. ನಾ ಚೀಲ ಎತ್ತಿಕೊಂಡು ಹೊಂಟಾಗ ಕೇಳಿದ್ರು:

"ಸೋಮವಾರ ಪೂಜಾ ಉದ್ದ ಇರತೈತಿ. ಅದಕ್ಕೇನ ಮಾಡ್ತಿ?"

೨. ತಂಬೂರಿ

ಇಷ್ಟಾದ್ರೂ ಕಾಕಾ ನನ್ನ ಬಿಡಲಿಲ್ಲ, ಮಿರಜದಾಗ ಇರೂ ತಮ್ಮ ಅಕ್ಕನ ಮನೀಗೆ ಕಳಿಸಿದ್ರು. ಆ ಮಾವಶಿ ಕಂಪ್ಯೂಟರ್ ಮುಂದ ಕುಂತು ಊರೂರಿನ ಹುಡುಗೂರಿಗೆ ಹಾಡು ಕಲಿಸತಾರ. ನಾ ಎಲ್ಲಾ ಬಂದ್ ಮಾಡಿ ಬಂದೆ. ಸಂಜೀಕ ಫೋನ್ ಬಂತು.

"ನನ್ನ ತಂಬೂರಿ ಎಲ್ಲಿ ಒಯ್ದಿ?"

ಮಷೀನ್ ಚಾಲೂ ಆದಕೂಡಲೇ ತಂಬೂರಿ ನುಡಿಸೂ ಪ್ರೋಗ್ರಾಮ್ ಅದು. "ಬೇಕಾದಾಗ ಒತ್ತಿದ್ರ ಬರತೈತ್ರಿ, ಮಾವಶಿ" ಅಂದೆ.

"ತಂಬೂರಿ ಮೊದಲ, ಉಳದದ್ದೆಲ್ಲಾ ಆಮ್ಯಾಲ. ಬಾ ಇಲ್ಲೆ."

ಓಡಿ ಹೋಗಿ ಹಚ್ಚಿಕೊಟ್ಟೆ. ಖಾತ್ರಿ ಮಾಡ್ಕೊಳ್ಳಾಕ ನನ್ನನ್ನ ಕುಂದರಿಸಿ 'ಸಾ' ಹಾಡಿಸಿದ್ರು. ಕಣ್ಣ ಮುಚ್ಚಿ ಕೇಳಿದ ಮ್ಯಾಲ ಅಂದ್ರು:

"ತಂಬೂರಿ ಸರಿ ಆತು. ರಿಪೇರಿ ಬೇಕಾಗಿದ್ದು ನಿನ್ನ ಧ್ವನಿಗೆ."

೩. ಹಳೇ ಸಾಹೇಬ್ರು

ಅಕ್ಕ-ತಮ್ಮನ ಪುಣ್ಯದಿಂದ ನಾಕೈದು ಗಿರಾಕಿ ಬಂದ್ರು. ಅಷ್ಟರಾಗ ಮನಿ ನಡೀಲಿಲ್ಲ. ದೀಪಾವಳಿಗೆ ಎಂಟ ದಿನ ಇತ್ತು. ಮರ್ಯಾದಿ ಬಾಜೂಕಿಟ್ಟು, ನೌಕರಿ ಕೇಳಾಕ ಹಳೇ ಸಾಹೇಬ್ರ ಕಾರಖಾನೆಗೆ ಹೋದೆ.

ನಾ ಬಾಯಿ ತೆಗ್ಯೂದ್ರಾಗ ಸಾಹೇಬ್ರು, "ಚಲೋ ಆತು ಬಂದಿ. ಈ ಮಷೀನ್ ಭಾಳ ನಿಧಾನ ಆಗೈತಿ, ನೋಡು" ಅಂದ್ರು.

ಬಟನ್ ಒತ್ತಿದೆ. ಎಲ್ಲಕ್ಕಿಂತ ಮೊದಲ ಕೆಲಸಗಾರರ ಹಾಜರಿ ಪಟ್ಟಿ ತೆರೀತು. ಅದನ್ನ ತಾನಾಗೇ ತೆರೆಯೂಹಂಗ ಮಾಡಿಟ್ಟಾಂವ ನಾನ. ಪಟ್ಟ್ಯಾಗ ನನ್ನ ಹೆಸರು ಇನ್ನೂ ಇತ್ತು. ಮುಂದ ದಿನಾ ದಿನಾ 'ರಜಾ', 'ರಜಾ', 'ರಜಾ'.

"ಸಾಹೇಬ್ರ, ನಾ ಬಿಟ್ಟು ಹೋಗೇನಲ್ರಿ?"

"ನಿನ್ನ ಹೆಸರ ತೆಗೀಲಿಕ್ಕೆ ನಮಗ್ಯಾರಿಗೂ ಬರೂದಿಲ್ಲ. ಎಲ್ಲಾರ ಹೆಸರಿಗೆ ಏನರ ಒತ್ತಿದ್ರನ ಪಟ್ಟಿ ಮುಂದ ಹೋಗತೈತಿ. ಗೈರು ಅಂತ ಒತ್ತಾಕ ಮನಸ್ಸಾಗಲಿಲ್ಲ."

ತಲಿ ಬಗ್ಗಿಸಿ ಬ್ಯಾರೆ ಪ್ರೋಗ್ರಾಮ್ ಬಂದ್ ಮಾಡಿದೆ, ಪಟ್ಟಿ ಮುಟ್ಟಲಿಲ್ಲ. ಮಷೀನ್ ಓಡಿತು. ಸಾಹೇಬ್ರು ಖುಷಿಯಾಗಿ, "ನೌಕರಿ ಯಾಕಪಾ ನಿನಗ? ಅಂಗಡಿ ನಡಸು. ಕಾರಖಾನ್ಯಾಗಿನ ಎಲ್ಲಾ ಕಂಪ್ಯೂಟರ್ ರಿಪೇರಿ ಇನ್ನ ಮ್ಯಾಲ ನಿನಗ" ಅಂದ್ರು. ಇಂಥಾ ಮಂದಿ ಸಿಗಾಕ ನಾ ಏನ ಪುಣ್ಯಾ ಮಾಡಿದ್ನೋ.

ಮನೀಗೆ ಬಂದೆ. ಹೆಂಡತಿ ಬಾಗಲದಾಗ ನಿಂತಿದ್ದಳು. "ಏನಂದ್ರು? ತಿರುಗಿ ತಗೋತಾರಂತ?"

"ತಗೊಳ್ಳೂದೇನ ಬಂತು, ನನ್ನ ಬಿಟ್ಟೇ ಇಲ್ಲ ಅವರು. ಹೋಳಿಯಿಂದ ನಾ ರಜಾದಾಗ ಇದ್ದೇನಿ" ಅಂತ ಎಲ್ಲಾ ಹೇಳಿದೆ.

ಅಕಿ ಸೆರಗಿಲೆ ಕಣ್ಣ ಒರಸ್ಕೊಂಡಳು. ಒಳಗ ಹೋಗಿ ಜ್ವಾಳದ ಡಬ್ಬಿ ತಂದು ನನ್ನ ಕೈಯಾಗಿಟ್ಟಳು.

"ರಜಾ ಐತೆಲ್ರಿ, ಹಂಗಾದ್ರ ಗಿರಣಿಗೆ ಹೋಗಿ ಬೀಸಿಕೊಂಡು ಬರ್ರಿ."